ಅವನು ಹಾರಿದ, ಮೆಷೀನು ಹಾರಲಿಲ್ಲ

ಒಂದು ತಿಂಗಳ ಹಿಂದೆ ನಾನೊಬ್ಬ ಹಿರಿಯರ ಕಾರಿನ ಕೀ ಕಸಿದುಕೊಂಡೆ. ಕೈಯಿಂದಲ್ಲ. ಬಾಯಿಂದ.

ಒಪ್ಪಿಕೊಳ್ಳಲು ಕಷ್ಟವಾಗುತ್ತಿದೆ. ಈ ಅಂಕಣ ಓದುವವರಿಗೆ ನನ್ನ ಸ್ವಭಾವ ಗೊತ್ತು. ಮಳೆ ಬರುತ್ತದೆ ಎಂದು ಟಿವಿಯಲ್ಲಿ ಹೇಳಿದರೆ ಕಿಟಕಿ ತೆರೆದು ನೋಡುವವನು ನಾನು. ಜಾತಕ, ಜಾಹೀರಾತು, ಮೀಟಿಂಗಿನಲ್ಲಿ ಮ್ಯಾನೇಜರ್ ಕೊಡುವ ಭರವಸೆ, ಮೂರಕ್ಕೂ ಒಂದೇ ಮರ್ಯಾದೆ. ಯೂನಿವರ್ಸಿಟಿಯಲ್ಲಿ ಓದಿದ್ದು ಭೌತಶಾಸ್ತ್ರ. ಈಗ ಡಲ್ಲಾಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್‌ನ ಒಂದು ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ. ಅಂದರೆ ಬೇರೆಯವರು ‘ಎಲ್ಲಾ ಸರಿಯಾಗಿದೆ’ ಎಂದದ್ದನ್ನು ನಂಬದೇ ಇರುವುದೇ ನನ್ನ ಉದ್ಯೋಗ.

ಹೀಗೆ ಎಲ್ಲರನ್ನೂ ಅನುಮಾನಿಸುತ್ತ ಬಂದವನು ಒಬ್ಬನನ್ನು ಮಾತ್ರ ಬಿಟ್ಟಿದ್ದೆ. ಆ ಒಬ್ಬ ಯಾರು ಎನ್ನುವುದೇ ಈ ವಾರದ ಕಥೆ.

ಕೀ ಕಳೆದುಕೊಂಡವರು ಶ್ರೀಪತಿ ಅಂಕಲ್. ಎಪ್ಪತ್ತಾರು ವರ್ಷ. ಹ್ಯೂಸ್ಟನ್ನಿನ ಕ್ಲಿಯರ್ ಲೇಕ್‌ನಲ್ಲಿ ಮನೆ. ಅಲ್ಲಿನ ಬಾಹ್ಯಾಕಾಶ ಕೇಂದ್ರಕ್ಕೆ ಬಿಡಿಭಾಗ ಮಾಡಿಕೊಡುವ ಕಂಪನಿಯೊಂದರಲ್ಲಿ ಮೂವತ್ತು ವರ್ಷ ಇಂಜಿನಿಯರ್ ಆಗಿದ್ದವರು. (ವಾಲ್ವ್ ವಿಷಯ ಶುರು ಮಾಡಿದರೆ ತಟ್ಟೆಯಲ್ಲಿರುವ ಅನ್ನ ಆರಿಹೋಗುತ್ತದೆ.) ನನಗೆ ಸಂಬಂಧಿಕರಲ್ಲ. ಮೈಸೂರಿನ ಒಂದೇ ಶಾಲೆಯಲ್ಲಿ, ಇಪ್ಪತ್ತೈದು ವರ್ಷಗಳ ಅಂತರದಲ್ಲಿ ಓದಿದವರು ನಾವು. ಆದರೆ ಇಬ್ಬರಿಗೂ ಒಬ್ಬರೇ ಡ್ರಾಯಿಂಗ್ ಮೇಷ್ಟ್ರು. ಅವರು ಕೂದಲು ಕಪ್ಪಗಿದ್ದಾಗ ಅಂಕಲ್‌ಗೆ ಪಾಠ ಮಾಡಿದರು, ಬೆಳ್ಳಗಾದ ಮೇಲೆ ನನಗೆ. ಟೆಕ್ಸಸ್‌ನಲ್ಲಿ ನೆಂಟಸ್ತನಕ್ಕೆ ಇಷ್ಟು ಸಾಕು.

ಆ ಶಾಲೆಯ ಹತ್ತಿರ ಎರಡೇ ಎರಡು ಫಿಲ್ಮ್ ಇದ್ದವು. ಒಂದು ಸೊಳ್ಳೆ ಮತ್ತು ಮಲೇರಿಯಾ ಕುರಿತದ್ದು. ಇನ್ನೊಂದು ಹಾರುವ ಯಂತ್ರದ್ದು. ಮೂಕಿ ಕಾಲದ ತಮಾಷೆ ಚಿತ್ರ. ಹತ್ತು ಹನ್ನೆರಡು ನಿಮಿಷ ಇದ್ದಿರಬಹುದು. ಯಾರು ಕೊಟ್ಟರೋ, ಯಾವ ದೇಶದಿಂದ ಬಂತೋ, ಹೆಸರೇನೋ, ಯಾರಿಗೂ ಗೊತ್ತಿರಲಿಲ್ಲ. ಹಾಲ್‌ನ ಕಿಟಕಿಗಳಿಗೆಲ್ಲ ಜಮಖಾನ ಕಟ್ಟಿ, ಗೋಡೆಗೆ ಬಿಳಿ ಪಂಚೆ ಬಿಗಿದು ತೋರಿಸುತ್ತಿದ್ದರು. ಪ್ರೊಜೆಕ್ಟರ್ ನಡೆಸುತ್ತಿದ್ದವನು ಜವಾನ. ಪಂಚೆಯ ಪಕ್ಕ ಬೆತ್ತ ಹಿಡಿದು ನಿಂತು ಕಥೆ ಹೇಳುತ್ತಿದ್ದವರು ನಮ್ಮ ಡ್ರಾಯಿಂಗ್ ಮೇಷ್ಟ್ರು. ಮೂಕಿ ಚಿತ್ರಕ್ಕೆ ಅವರೇ ಬಾಯಿ.

ನಾನು ನೋಡಿದ್ದು ಒಂದೇ ಸಲ, ನಾಲ್ಕನೇ ಕ್ಲಾಸಿನಲ್ಲಿ. ಮರುವರ್ಷ ಪ್ರೊಜೆಕ್ಟರ್ ಕೆಟ್ಟುಹೋಯಿತು. ಆದರೆ ನೋಡಿದ್ದು ನಿನ್ನೆಯಷ್ಟು ಸ್ಪಷ್ಟ. ಕೇಳಿ.

ಗಿರಿಜಾ ಮೀಸೆಯ ಒಬ್ಬ ದಪ್ಪ ಮನುಷ್ಯ. ಹೆಂಡತಿ ಒಗೆದು ಒಣಹಾಕಿದ ಬೆಡ್‌ಶೀಟುಗಳನ್ನು ಕದ್ದು ರೆಕ್ಕೆ ಮಾಡುತ್ತಾನೆ. ನಾಲ್ಕು ಮೂಲೆಗೆ ನಾಲ್ಕು ಕೊಡೆ. ನಡುವೆ ಸೈಕಲ್ಲಿನ ಪೆಡಲ್. ಊರೆಲ್ಲ ಸೇರಿ ನಗುತ್ತದೆ. ಪೊಲೀಸ್ ಅಟ್ಟಿಸಿಕೊಂಡು ಬರುತ್ತಾನೆ. ಇವನು ಯಂತ್ರವನ್ನು ಕುದುರೆ ಲಾಯದ ಮಾಡಿನ ಮೇಲೆ ಏರಿಸುತ್ತಾನೆ. ಎಲ್ಲಿಂದಲೋ ಒಂದು ಕೆಂಪು ಕೋಳಿ ಬಂದು ರೆಕ್ಕೆಯ ಮೇಲೆ ಕೂರುತ್ತದೆ. ಪೊಲೀಸ್ ಏಣಿ ಹತ್ತುತ್ತಿದ್ದಾನೆ. ಇವನು ಪೆಡಲ್ ತುಳಿಯುತ್ತಿದ್ದಾನೆ. ಆಗ ಮೇಷ್ಟ್ರು ಬೆತ್ತ ಮೇಲೆತ್ತಿ ಕೂಗುತ್ತಾರೆ:

“ಹಾರಿದ! ಹಾರಿದ! ನೋಡ್ರೋ, ಹಾರೇಬಿಟ್ಟ!”

ಇಡೀ ಹಾಲ್ ಎದ್ದು ಚಪ್ಪಾಳೆ. ದಪ್ಪ ಮನುಷ್ಯ ಚರ್ಚಿನ ಗೋಪುರದ ಮೇಲೆ ತೇಲುತ್ತ ಹೋಗುತ್ತಾನೆ. ಮಡಿಲಲ್ಲಿ ಕೆಂಪು ಕೋಳಿ. ಅವನ ಟೋಪಿ ಕೆಳಗೆ ಬಿದ್ದು ಪೊಲೀಸನ ತಲೆಯ ಮೇಲೆ ಸರಿಯಾಗಿ ಕೂರುತ್ತದೆ. ಮುಕ್ತಾಯ.

ಈ ಕಥೆಯನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಕೆಲಸದ ಇಂಟರ್‌ವ್ಯೂನಲ್ಲಿ ‘ವಿಜ್ಞಾನದಲ್ಲಿ ಆಸಕ್ತಿ ಹೇಗೆ ಬಂತು?’ ಎಂದಾಗ ಹೇಳಿದ್ದೇನೆ. ಮದುವೆಗೆ ಮುಂಚೆ ಹುಡುಗಿಗೆ ಹೇಳಿದ್ದೇನೆ. ಆ ಹುಡುಗಿ ಈಗ ಹೆಂಡತಿ. ನಾನು ಕಥೆ ಶುರು ಮಾಡಿದರೆ “ಬಂತು ಕೋಳಿ” ಎಂದು ಎದ್ದು ಹೋಗುತ್ತಾಳೆ. ಮಗಳು ಸಿರಿ ಇದನ್ನು ಕೇಳುತ್ತಲೇ ಹೈಸ್ಕೂಲಿಗೆ ಬಂದಳು.

ಆದರೆ ಅಂಕಲ್ ಹತ್ತಿರ ಯಾಕೋ ಈ ವಿಷಯ ಬಂದೇ ಇರಲಿಲ್ಲ. ಬಂದದ್ದು ಆ ಶನಿವಾರ.

ಕೇಟಿಯಲ್ಲಿ ಅಂಕಲ್ ಮಗಳು ವಸುಧಾಳ ಮನೆ. ಹ್ಯೂಸ್ಟನ್ನಿನ ಪಶ್ಚಿಮಕ್ಕೆ, ಇಂಜಿನಿಯರುಗಳೇ ತುಂಬಿರುವ ಬಡಾವಣೆ. ವಸುಧಾ ಕೂಡ ಇಂಜಿನಿಯರ್. ಎಂಟು ವರ್ಷದವಳಿದ್ದಾಗ ಈ ದೇಶಕ್ಕೆ ಬಂದವಳು. ಕನ್ನಡ ಚೆನ್ನಾಗಿಯೇ ಇದೆ, ಆದರೆ ವಿಷಯ ಗಂಭೀರವಾದರೆ ಇಂಗ್ಲಿಷಿಗೆ ಹೊರಳುತ್ತಾಳೆ. ಊಟಕ್ಕೆ ಕರೆದಿದ್ದಳು. ಸಾರು ಬಡಿಸುವ ಹೊತ್ತಿಗೆ ಪಕ್ಕದ ಮನೆಯವರ ಡ್ರೋನ್ ಹಿತ್ತಲ ಮೇಲೆ ಗುಂಯ್ ಎಂದು ಹೋಯಿತು. ನನಗೆ ಇಷ್ಟು ನೆಪ ಸಾಕಲ್ಲ? ಕಥೆ ಶುರು ಮಾಡಿದೆ.

ಚರ್ಚಿನ ಗೋಪುರಕ್ಕೆ ಬಂದಾಗ ಅಂಕಲ್ ತಲೆ ಎತ್ತಿದರು.

“ಯಾವ ಗೋಪುರನೋ? ಆ ಮೆಷೀನು ಮಾಡಿನಿಂದ ಒಂದಿಂಚು ಅಲ್ಲಾಡ್ಲಿಲ್ಲ.”

“ಅಂಕಲ್, ನಾನೇ ಕಣ್ಣಾರೆ ನೋಡಿದೀನಿ.”

“ನಾನೇನು ಕಣ್ಣು ಮುಚ್ಕೊಂಡು ನೋಡಿದ್ನೇ?”

“ಮೇಷ್ಟ್ರು ಕೂಗಿದ್ದು ಇನ್ನೂ ಕಿವೀಲಿದೆ ಅಂಕಲ್. ಹಾರಿದ, ಹಾರಿದ ಅಂತ.”

“ಹಾರಿದ. ಇಲ್ಲ ಅಂದ್ನಾ? ಅವನು ಹಾರಿದ, ಮೆಷೀನು ಹಾರ್ಲಿಲ್ಲ.”

ನಾನು ವಸುಧಾಳ ಮುಖ ನೋಡಿದೆ. ವಸುಧಾ ನನ್ನ ಮುಖ ನೋಡಿದಳು.

“ಮೆಷೀನೇ ಹಾರದೆ ಅವನು ಹೇಗೆ ಹಾರ್ತಾನೆ ಅಂಕಲ್?”

ಅಂಕಲ್ ಏನೋ ಗೊಣಗಿ ಸಾರು ಸುರಿದುಕೊಂಡರು. ನನಗೆ ಸರಿಯಾಗಿ ಕೇಳಿಸಲಿಲ್ಲ. ಕೇಳಿಸಿಕೊಳ್ಳುವ ಅಗತ್ಯವೂ ಕಾಣಲಿಲ್ಲ. ಟೆಸ್ಟರ್ ಕಣ್ಣಿಗೆ ತಪ್ಪು ಸಿಕ್ಕಿತ್ತು. ಮನುಷ್ಯ ಹಾರಿದನಂತೆ, ಯಂತ್ರ ಹಾರಲಿಲ್ಲವಂತೆ! ಒಂದೇ ವಾಕ್ಯದೊಳಗೆ ಎರಡು ತುಂಡೂ ಒಂದಕ್ಕೊಂದು ಜಗಳ.

ಊಟವಾದ ಮೇಲೆ ಅಡುಗೆಮನೆಯಲ್ಲಿ ವಸುಧಾ ನಲ್ಲಿ ಜೋರಾಗಿ ಬಿಟ್ಟಳು. ಅಪ್ಪನಿಗೆ ಕೇಳಿಸಬಾರದು ಅಂತ.

“ಅಪ್ಪ ಹೇಗನ್ನಿಸ್ತಾರೆ ನಿಮಗೆ? ನಿಜ ಹೇಳಿ. ಹೋದ ವಾರ ಕಾಫಿಗೆ ಸಕ್ಕರೆ ಅಂತ ಉಪ್ಪು ಹಾಕ್ಕೊಂಡ್ರು. ಹೈವೇಲಿ ಮನೆಗೆ ಹೋಗೋ ಎಕ್ಸಿಟ್ ಬಿಟ್ಟು ಅರ್ಧ ಗಂಟೆ ಮುಂದೆ ಗ್ಯಾಲ್ವೆಸ್ಟನ್ ಹತ್ರ ಹೋಗಿ ಫೋನ್ ಮಾಡಿದ್ರು. ಐ ಆಮ್ ಸ್ಕೇರ್ಡ್. ಅವರು ಇನ್ನೂ ಡ್ರೈವ್ ಮಾಡ್ಬೇಕಾ?”

ಇಲ್ಲಿ ನಾನು ಏನು ಹೇಳಬೇಕಿತ್ತು? ‘ನಾನು ಡಾಕ್ಟರ್ ಅಲ್ಲ’ ಎನ್ನಬೇಕಿತ್ತು. ಭೌತಶಾಸ್ತ್ರ ಓದಿದವನು ಹಾಗೆ ಹೇಳುವುದುಂಟೇ? ಅವಳು ಇಂಗ್ಲಿಷಿಗೆ ಹೊರಳಿದ್ದಳು, ನಾನೂ ಹೊರಳಿದೆ. ಅಂಕಲ್ ಆಡಿದ ಮಾತನ್ನು ಇಂಗ್ಲಿಷಿನಲ್ಲಿ ಅವಳ ಮುಂದಿಟ್ಟೆ. “ದ ಮ್ಯಾನ್ ಫ್ಲೂ, ಬಟ್ ದ ಮೆಷೀನ್ ಡಿಡ್ ನಾಟ್. ನೀವೇ ಕೇಳಿದ್ರಲ್ಲ? ಲಾಜಿಕ್ ತಪ್ಪಿದೆ ಅಂದ್ರೆ ಸ್ವಲ್ಪ ಯೋಚನೆ ಮಾಡ್ಬೇಕಾದ್ದೇ.”

ಅಷ್ಟೇ ಹೇಳಿದ್ದು. ನಲ್ಲಿ ನಿಲ್ಲಿಸಿದಳು. ಮರುದಿನ ಬೆಳಿಗ್ಗೆ ಅಪ್ಪನ ಕೀ ತೆಗೆದು ತನ್ನ ಹ್ಯಾಂಡ್‌ಬ್ಯಾಗಿನಲ್ಲಿ ಹಾಕಿಕೊಂಡಳಂತೆ.

ಕ್ಲಿಯರ್ ಲೇಕ್‌ನಲ್ಲಿ ಕಾರಿಲ್ಲದವನು ಅಂದರೆ ಕಾಲಿಲ್ಲದವನು. ಹಾಲು ತರಲು ಎರಡು ಮೈಲಿ, ನಡುವೆ ಫುಟ್‌ಪಾತ್ ಇಲ್ಲ, ಮೇಲೆ ಆಗಸ್ಟ್ ತಿಂಗಳ ಬಿಸಿಲು. ಅಂಕಲ್‌ಗೆ ಮಂಗಳವಾರ ಲೈಬ್ರರಿ, ಗುರುವಾರ ಹಳೆಯ ಸಹೋದ್ಯೋಗಿಗಳ ಜೊತೆ ಚೆಸ್, ಶನಿವಾರ ದೇವಸ್ಥಾನದ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಸೇವೆ. (ಬೀನ್ಸ್ ಎಲ್ಲ ಒಂದೇ ಅಳತೆ ಇರಬೇಕು. ವಾಲ್ವ್ ಮಾಡಿದ ಕೈ.) ಎಲ್ಲವೂ ಒಂದೇ ಬೆಳಿಗ್ಗೆ ನಿಂತುಹೋಯಿತು.

ವಾರದ ಮೇಲೆ ಅವರ ಫೋನ್ ಬಂತು.

“ನಿನ್ನ ಸಾಕ್ಷಿ ಮೇಲೆ ನನಗೆ ಶಿಕ್ಷೆ ಆಯ್ತಂತೆ ಕಣಯ್ಯ.”

“ಅಯ್ಯೋ, ಹಾಗೇನಿಲ್ಲ ಅಂಕಲ್. ವಸುಧಾ ನಿಮ್ಮ ಒಳ್ಳೇದಕ್ಕೇ...”

“ಸರಿ, ಸರಿ. ಇಡ್ತೀನಿ.”

ಬೈದಿದ್ದರೆ ವಾಸಿಯಿತ್ತು. ನಾನು ಕೊಟ್ಟದ್ದು ಹಾರಿಕೆಯ ಉತ್ತರ ಎಂದು ಇಬ್ಬರಿಗೂ ಗೊತ್ತಿತ್ತು.

ಆಮೇಲೆ ನನಗೆ ನಿದ್ದೆ ಬರಲಿಲ್ಲ ಎಂದೆಲ್ಲ ಬರೆಯುವುದಿಲ್ಲ. ಚೆನ್ನಾಗಿಯೇ ನಿದ್ದೆ ಬಂತು. ಯಾಕೆಂದರೆ ನಾನು ಸರಿ ಇದ್ದೆ! ಸರಿ ಎಂದು ಸಾಬೀತು ಮಾಡುವ ಆಸೆ ಮಾತ್ರ ಇತ್ತು. ಇಂಟರ್‌ನೆಟ್‌ನಲ್ಲಿ ಹುಡುಕಿದೆ. ಹೆಸರೇ ಗೊತ್ತಿಲ್ಲದ ಚಿತ್ರವನ್ನು ಹೇಗೆ ಹುಡುಕುವುದು? ‘ಕೊಡೆ, ಕೋಳಿ, ವಿಮಾನ’ ಎಂದು ಹಾಕಿದರೆ ಮಕ್ಕಳ ಆಟಿಕೆಗಳು ಬಂದವು.

ಕೊನೆಗೆ ಅದಾಗಿಯೇ ಸಿಕ್ಕಿತು. ಆಸ್ಟಿನ್‌ನ ಒಂದು ಹಳೆಯ ಥಿಯೇಟರ್, ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಮೂಕಿ ಹಾಸ್ಯಚಿತ್ರಗಳು, ಜೊತೆಗೆ ಪಿಯಾನೋ. ಆಫೀಸಿನ ಹುಡುಗಿಯೊಬ್ಬಳು ಫೋನಿನಲ್ಲಿ ಪೋಸ್ಟರ್ ತೋರಿಸಿದಳು. ಪೋಸ್ಟರಿನ ಮೂಲೆಯಲ್ಲಿ ಒಂದು ಮಸುಕು ಫೋಟೋ. ಗಿರಿಜಾ ಮೀಸೆ. ನಾಲ್ಕು ಕೊಡೆ.

ನನಗೆ ಮೈ ಜುಮ್ಮೆಂದಿತು. ಮರುಕ್ಷಣ ಅನುಮಾನ. ಆ ಕಾಲದಲ್ಲಿ ಎಷ್ಟು ಜನ ಮೀಸೆ ಬಿಟ್ಟಿರಲಿಲ್ಲ? ಎಷ್ಟು ಜನ ಕೊಡೆ ಕಟ್ಟಿಕೊಂಡು ಹಾರಲು ಹೋಗಲಿಲ್ಲ? ಆದರೂ ಟಿಕೆಟ್ ಬುಕ್ ಮಾಡಿ ಅಂಕಲ್‌ಗೆ ಫೋನ್ ಹಚ್ಚಿದೆ.

“ಬನ್ನಿ ಅಂಕಲ್, ಒಟ್ಟಿಗೆ ನೋಡೋಣ. ಯಾರು ಸರಿ ಅಂತ ಇತ್ಯರ್ಥ ಆಗಿಬಿಡ್ಲಿ.”

“ಬರ್ತಿದ್ದೆ ಕಣಯ್ಯ. ಮೂರು ಗಂಟೆ ಡ್ರೈವು, ಏನು ಮಹಾ. ಆದ್ರೆ ಕೀ ಎಲ್ಲಿದೆ?”

ನೋಡಿ, ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿತ್ತು. ಹೇಳಲಿಲ್ಲ.

ಸಿರಿಯನ್ನು ಕರೆದುಕೊಂಡು ಹೊರಟೆ. ಅವಳಿಗೆ ಹದಿನಾರು. ಬೆಳಿಗ್ಗೆ ಆರೂವರೆಗೆ ಎಬ್ಬಿಸಿದ್ದಕ್ಕೆ ಅರ್ಧ ದಾರಿಯ ವೇಕೋ ದಾಟುವವರೆಗೂ ಕಿವಿಯಿಂದ ಇಯರ್‌ಫೋನ್ ತೆಗೆಯಲಿಲ್ಲ. ತೆಗೆದ ಮೇಲೆ ಕೇಳಿದ್ದು ಒಂದೇ ಪ್ರಶ್ನೆ. “ಅಪ್ಪಾ, ವಾಟ್ ಇಫ್ ಶ್ರೀಪತಿ ತಾತ ಈಸ್ ರೈಟ್?” ನಾನು ರೇಡಿಯೋ ಹಾಕಿದೆ.

ಥಿಯೇಟರಿನಲ್ಲಿ ನಲವತ್ತು ಜನ ಇದ್ದಿರಬಹುದು. ನಮ್ಮದು ನಾಲ್ಕನೇ ಚಿತ್ರ. ಪಿಯಾನೋದವನು ಬೆರಳು ನೆಟಿಕೆ ತೆಗೆದು ಶುರು ಮಾಡಿದ.

ಅದೇ ಮನುಷ್ಯ. ಅದೇ ಬೆಡ್‌ಶೀಟ್. ನಾನು ಕುರ್ಚಿಯ ತುದಿಗೆ ಬಂದೆ. ಹೆಂಡತಿ ಲಟ್ಟಣಿಗೆಯಂಥದ್ದೇನೋ ಹಿಡಿದು ಓಡಿಬರುವ ದೃಶ್ಯ ಒಂದಿತ್ತು, ಅದು ನನ್ನ ನೆನಪಿನಲ್ಲಿ ಇರಲೇ ಇಲ್ಲ. (ಕಟ್ ಮಾಡಿದ್ದ ಪ್ರಿಂಟ್ ಇರಬೇಕು ನಮ್ಮ ಶಾಲೆಯದ್ದು.) ಪೊಲೀಸ್ ಬಂದ. ಯಂತ್ರ ಮಾಡಿನ ಮೇಲೇರಿತು. ಕೋಳಿ ಬಂದು ರೆಕ್ಕೆಯ ಮೇಲೆ ಕೂತಿತು.

“ನೋಡು, ಕೋಳಿ!” ಎಂದೆ. ಮುಂದಿನ ಸಾಲಿನವರು ತಿರುಗಿ ನೋಡಿದರು.

ಸಿರಿ ನನ್ನ ಕಿವಿಯ ಹತ್ತಿರ ಬಂದಳು. “ಅಪ್ಪಾ, ಕೋಳಿ ರೆಡ್ ಅಂತಿದ್ರಲ್ಲ? ಇದು ಬ್ಲ್ಯಾಕ್ ಅಂಡ್ ವೈಟ್ ಪಿಕ್ಚರ್.”

ನಾನು ನಲವತ್ತು ವರ್ಷದಿಂದ ಈ ಕಥೆ ಹೇಳುತ್ತಿದ್ದೇನೆ. ಕಪ್ಪು ಬಿಳುಪು ಚಿತ್ರದಲ್ಲಿ ಕೆಂಪು ಕೋಳಿ! ಒಬ್ಬರೂ ಕೇಳಿರಲಿಲ್ಲ. ಬೇರೆಯವರು ಹೋಗಲಿ, ತಪ್ಪು ಹುಡುಕುವುದೇ ಉದ್ಯೋಗವಾದ ನಾನು ಕೇಳಿಕೊಂಡಿರಲಿಲ್ಲ. ಪರದೆಯ ಮೇಲಿನ ಕೋಳಿ ಬೂದಿ ಬಣ್ಣದ್ದು. ಅಷ್ಟೇ. ಬೂದಿ.

ಹಾಗಾದರೆ ಕೆಂಪು ಎಲ್ಲಿಂದ ಬಂತು?

ಉತ್ತರ ಹೊಳೆಯುವ ಮುಂಚೆಯೇ ಪೊಲೀಸ್ ಏಣಿಯ ಕೊನೇ ಮೆಟ್ಟಿಲಿನಲ್ಲಿದ್ದ. ದಪ್ಪ ಮನುಷ್ಯ ಪೆಡಲ್ ತುಳಿದ, ತುಳಿದ, ತುಳಿದ. ಕೊಡೆಗಳು ಗಿರಗಿರ ತಿರುಗಿದವು. ನಾನು ಉಸಿರು ಬಿಗಿಹಿಡಿದೆ. ಯಂತ್ರ ಅಲ್ಲಾಡಲಿಲ್ಲ. ಅವನು ಪೊಲೀಸನನ್ನು ನೋಡಿದ, ಕೆಳಗೆ ನೋಡಿದ, ಮೂಗು ಹಿಡಿದುಕೊಂಡ, ಮಾಡಿನ ಮೇಲಿಂದ ನೇರವಾಗಿ ಕೆಳಗಿದ್ದ ಕುದುರೆಗಳ ನೀರಿನ ತೊಟ್ಟಿಗೆ ಬಿದ್ದ. ನೀರು ಚಿಮ್ಮಿತು. ಟೋಪಿ ಗಾಳಿಯಲ್ಲಿ ಸುತ್ತಿ ಬಂದು ಪೊಲೀಸನ ತಲೆ ಮೇಲೆ ಕೂತಿತು. ಬೆದರಿದ ಕೋಳಿ ರೆಕ್ಕೆ ಬಡಿದು ಮಾಡಿನಿಂದ ಮಾಡಿಗೆ ಹೋಯಿತು. ಇಡೀ ಚಿತ್ರದಲ್ಲಿ ತಾನಾಗಿಯೇ ಗಾಳಿಯಲ್ಲಿ ಹೋದದ್ದು ಅದೊಂದೇ.

ಜನ ನಕ್ಕರು, ಸಿರಿಯೂ ನಕ್ಕಳು. ಚರ್ಚ್ ಇತ್ತೇ? ಇತ್ತು. ದೂರದಲ್ಲಿ, ಹಿನ್ನೆಲೆಯಲ್ಲಿ, ಯಾರೂ ಅದರ ಹತ್ತಿರ ಸುಳಿಯಲಿಲ್ಲ.

ನಾನು ತಕ್ಷಣ ಸೋಲೊಪ್ಪಿಕೊಂಡೆ ಅಂದುಕೊಂಡಿರಾ? ಕಾರ್ಯಕ್ರಮ ನಡೆಸುತ್ತಿದ್ದ ಗಡ್ಡದ ಯುವಕನನ್ನು ಬಾಗಿಲಲ್ಲಿ ಹಿಡಿದೆ. ಇದರ ಕೊನೆ ಬೇರೆ ಥರ ಇರುವ ಪ್ರಿಂಟ್ ಇದೆಯೇ? ತನಗೆ ತಿಳಿದಂತೆ ಇಲ್ಲ ಎಂದ. ಖಚಿತವೇ? ಇಂಥ ಚಿತ್ರಗಳ ವಿಷಯದಲ್ಲಿ ಪೂರ್ತಿ ಖಚಿತ ಎನ್ನುವುದು ಕಷ್ಟ ಎಂದ. ಅಷ್ಟು ಸಾಕಾಯಿತು ನನಗೆ! ಭಾರತಕ್ಕೆ ಕಳಿಸಿದ ಪ್ರಿಂಟಿನಲ್ಲಿ ಹಾರಿಸಿರಬಹುದಲ್ಲ? ಅವನು ನನ್ನನ್ನು ಕರುಣೆಯಿಂದ ನೋಡಿ, ಯಂತ್ರ ಹಾರುವುದಿಲ್ಲ ಎನ್ನುವುದೇ ಅಲ್ಲವೇ ಸರ್ ಜೋಕು, ಎಂದ.

ಕಾರಿನಲ್ಲಿ ಸಿರಿ ಕೇಳಿದಳು. “ಟೀಚರ್ ಎಕ್ಸಾಕ್ಟ್ಲಿ ಏನಂದ್ರು ಅಪ್ಪಾ? ಕನ್ನಡದಲ್ಲೇ ಹೇಳಿ.”

“ಹಾರಿದ, ಹಾರಿದ, ಹಾರೇಬಿಟ್ಟ ಅಂದ್ರು.”

“ಬಟ್ ಹಾರು ಮೀನ್ಸ್ ಜಂಪ್, ರೈಟ್?”

“ಅಲ್ಲ ಪುಟ್ಟಾ, ಹಾರು ಅಂದ್ರೆ ಫ್ಲೈ. ಹಕ್ಕಿ ಹಾರುತ್ತೆ.”

“ನೋ! ಚಿಕ್ಕೋಳಿದ್ದಾಗ ಡೈಲಿ ಬೈತಿದ್ರಿ. ‘ಸೋಫಾ ಮೇಲಿಂದ ಹಾರ್ಬೇಡ, ಸೋಫಾ ಮೇಲಿಂದ ಹಾರ್ಬೇಡ.’ ಐ ವಾಸ್ ನಾಟ್ ಫ್ಲೈಯಿಂಗ್, ಅಪ್ಪಾ.”

ಹೆದ್ದಾರಿಗೆ ಸೇರುವ ಮುಂಚೆ ಒಂದು ಪೆಟ್ರೋಲ್ ಬಂಕ್ ಇತ್ತು. ಅಲ್ಲಿ ಕಾರು ನಿಲ್ಲಿಸಬೇಕಾಯಿತು.

ಹಕ್ಕಿ ಹಾರುತ್ತದೆ. ಮಗು ಸೋಫಾದಿಂದ ಹಾರುತ್ತದೆ. ಕಳ್ಳ ಕಾಂಪೌಂಡ್ ಹಾರುತ್ತಾನೆ. ಬಾವಿಗೆ ಹಾರಿದವನನ್ನು ನೋಡಿ ಯಾರಾದರೂ ‘ಆಹಾ, ಎಷ್ಟು ಎತ್ತರ ಹೋದ!’ ಎನ್ನುತ್ತಾರೆಯೇ? ನನ್ನ ಭಾಷೆಯಲ್ಲಿ ಮೇಲೆ ಹೋಗುವುದಕ್ಕೂ ಕೆಳಗೆ ಬೀಳುವುದಕ್ಕೂ ಒಂದೇ ಮಾತು. ಆ ಮಾತನ್ನು ಹಿಡಿದುಕೊಂಡು ನಾನು ಒಬ್ಬ ಮನುಷ್ಯನನ್ನು ನಲವತ್ತು ವರ್ಷ ಆಕಾಶದಲ್ಲಿ ತೇಲಿಸಿದ್ದೆ. ಮನೆಯಲ್ಲಿ ಅರ್ಧ ಕನ್ನಡ ಆಡುವ ಹುಡುಗಿ ಅವನನ್ನು ಒಂದೇ ವಾಕ್ಯದಲ್ಲಿ ತೊಟ್ಟಿಗಿಳಿಸಿದಳು.

ಕೆಂಪು ಕೋಳಿಯೂ ಆಗಲೇ ಸಿಕ್ಕಿತು. ಚಿತ್ರ ತೋರಿಸಿದ ಮರುದಿನ ಡ್ರಾಯಿಂಗ್ ಕ್ಲಾಸಿನಲ್ಲಿ ಮೇಷ್ಟ್ರು ‘ನಿನ್ನೆ ನೋಡಿದ್ದನ್ನು ಬರೀರಿ’ ಎಂದಿದ್ದರು. ನನ್ನ ಹತ್ತಿರ ಇದ್ದದ್ದು ಎರಡೇ ಕ್ರೇಯಾನ್, ನೀಲಿ ಮತ್ತು ಕೆಂಪು. ನೀಲಿ ಆಕಾಶಕ್ಕೆ ಹೋಯಿತು. ಕೆಂಪು ಕೋಳಿಗೆ ಬಂತು. ಮೇಷ್ಟ್ರು ಹಾಳೆ ಎತ್ತಿ ಹಿಡಿದು ‘ಭೇಷ್’ ಎಂದರು. ನಾನು ಇಷ್ಟು ವರ್ಷ ನೆನಪಿಟ್ಟುಕೊಂಡದ್ದು ಸಿನಿಮಾ ಅಲ್ಲ. ನನ್ನದೇ ಡ್ರಾಯಿಂಗ್.

ಕೊನೆಯ ದೃಶ್ಯವನ್ನು ನಾನು ನೋಡಿಯೇ ಇರಲಿಲ್ಲವೇನೋ ಎನ್ನುವ ಸಂಶಯವೂ ಬಂತು. ‘ಹಾರಿದ’ ಎಂದು ಕೂಗಿದಾಗ ಇಡೀ ಹಾಲ್ ಎದ್ದು ನಿಂತಿತಲ್ಲ? ನಾಲ್ಕನೇ ಕ್ಲಾಸಿನವನ ಮುಂದೆ ಏಳನೇ ಕ್ಲಾಸಿನವರ ಬೆನ್ನು. (ಅಥವಾ ಇದೂ ನನ್ನ ಮಾನ ಉಳಿಸಲು ಈಗ ಕಟ್ಟುತ್ತಿರುವ ಕಥೆಯೋ? ಬರೆಯುವಾಗಲೂ ಅನುಮಾನ.)

“ಎಲ್ಲಿಗೆ ಹೋಗ್ತಿದೀವಿ? ಡಲ್ಲಾಸ್ ಆ ಕಡೆ” ಎಂದಳು ಸಿರಿ.

“ಕೇಟಿಗೆ.”

ಎರಡೂವರೆ ಗಂಟೆ ಪ್ರಯಾಣ. ದಾರಿಯಲ್ಲಿ ವಸುಧಾಳಿಗೆ ಹೇಳಬೇಕಾದ ಮಾತನ್ನು ಮೂರು ರೀತಿಯಲ್ಲಿ ಅಭ್ಯಾಸ ಮಾಡಿದೆ. ಮೂರರಲ್ಲೂ ತಪ್ಪು ಸ್ವಲ್ಪ ಮೇಷ್ಟ್ರದ್ದು, ಸ್ವಲ್ಪ ಕನ್ನಡದ್ದು ಆಗಿತ್ತು. ಅವಳು ಬಾಗಿಲು ತೆರೆದಾಗ ಮೂರೂ ಮರೆತುಹೋದವು.

“ಅವರು ಸರಿ ಹೇಳಿದ್ರು ವಸುಧಾ. ಲಾಜಿಕ್ ತಪ್ಪಿದ್ದು ನಂದು. ಹಾರಿದ ಅಂದ್ರೆ ಧುಮುಕಿದ ಅಂತ. ಮನುಷ್ಯ ಧುಮುಕಿದ, ಮೆಷೀನ್ ಅಲ್ಲೇ ಇತ್ತು. ನಾನು ಅದನ್ನ ಫ್ಲೂ ಅಂತ ಮಾಡಿ ನಿಮಗೆ ಹೇಳಿದೆ.”

ಅವಳು ಬಾಗಿಲಿಗೆ ಒರಗಿ ನಿಂತಳು.

“ಒಂದು ತಿಂಗಳು. ಅಪ್ಪ ಒಂದು ತಿಂಗಳಿಂದ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. ಉಪ್ಪು ನಾನೂ ಹಾಕ್ಕೊಂಡಿದೀನಿ. ಎಕ್ಸಿಟ್ ನಾನೂ ವಾರಕ್ಕೊಂದು ಮಿಸ್ ಮಾಡ್ತೀನಿ. ಅದಕ್ಕೆಲ್ಲ ಕೀ ತಗೊಳ್ತಿರ್ಲಿಲ್ಲ ನಾನು. ನೀವು ಹೇಳಿದ್ರಿ ಅಂತ ತಗೊಂಡೆ. ಸೈನ್ಸ್ ಓದಿದವ್ರು, ಯೋಚನೆ ಮಾಡಿ ಹೇಳಿರ್ತಾರೆ ಅಂತ.”

ಈ ಸಲ ಹಾರಿಕೆಯ ಉತ್ತರ ಕೊಡದೆ, “ತಪ್ಪು ನಂದೇ” ಎಂದೆ.

“ಮುಂದಿನ ತಿಂಗಳು ಡಾಕ್ಟರ್ ಹತ್ರ ಅಪಾಯಿಂಟ್‌ಮೆಂಟ್ ಇದೆ” ಎಂದಳು, ಹ್ಯಾಂಡ್‌ಬ್ಯಾಗ್ ತೆಗೆದುಕೊಳ್ಳುತ್ತ. “ಏನಿದ್ರೂ ಡಾಕ್ಟರ್ ಹೇಳ್ಲಿ. ನೀವು ಹೇಳ್ಬೇಡಿ.”

ಮೂವರೂ ನನ್ನ ಕಾರಿನಲ್ಲೇ ಕ್ಲಿಯರ್ ಲೇಕ್‌ಗೆ ಹೋದೆವು. ಸಿರಿ ಹಿಂದೆ ಕೂತು ವಸುಧಾಳಿಗೆ ಇಡೀ ಸಿನಿಮಾ ಹೇಳಿದಳು, ಇಂಗ್ಲಿಷಿನಲ್ಲಿ. ತೊಟ್ಟಿಯ ದೃಶ್ಯಕ್ಕೆ ವಸುಧಾ ನಕ್ಕಳು. ಆಮೇಲೆ ಕಿಟಕಿಯ ಕಡೆ ತಿರುಗಿದಳು.

ಅಂಕಲ್ ಬನಿಯನ್ನಿನಲ್ಲೇ ಬಾಗಿಲು ತೆರೆದರು. ನಮ್ಮ ಮೂವರನ್ನೂ ನೋಡಿ, “ಏನಪ್ಪಾ, ಮೇಲ್ಮನವಿ ವಿಚಾರಣೆಯೇ?” ಎಂದರು.

ನಾನು ಹೇಳಿದೆ. ಎಲ್ಲವನ್ನೂ. ಕೆಂಪು ಕೋಳಿಯನ್ನೂ ಬಿಡಲಿಲ್ಲ. ಅವರು ಗೆದ್ದವರಂತೆ ನಗಲಿಲ್ಲ. ಆರಾಮಾಗಿ ಕೇಳಿಸಿಕೊಂಡರು.

“ಅಂಕಲ್, ಆ ದಿನ ಸಾರು ಹಾಕ್ಕೊಳ್ತಾ ಏನೋ ಅಂದ್ರಿ. ನನಗೆ ಕೇಳಿಸ್ಲಿಲ್ಲ. ಏನದು?”

“ಮೆಷೀನ್ ಹಾರದೆ ಅವನು ಹೇಗೆ ಹಾರ್ತಾನೆ ಅಂದ್ಯಲ್ಲ. ಕಾಲಿಲ್ವೇನೋ ಅವನಿಗೆ, ಅಂದೆ.”

ಅಷ್ಟು ಸರಳವಾಗಿತ್ತು. ಕೇಳಿಸಿಕೊಂಡಿದ್ದರೆ ಕೀ ಹ್ಯಾಂಡ್‌ಬ್ಯಾಗಿಗೆ ಹೋಗುತ್ತಲೇ ಇರಲಿಲ್ಲ.

“ಮೇಷ್ಟ್ರು ಹಾರಿದ ಅಂದಾಗ ನಿಮಗೆ ಒಂದ್ಸಲಾನೂ ಗೊಂದಲ ಆಗ್ಲಿಲ್ವಾ?”

“ಮೇಷ್ಟ್ರು ಹೇಳಿದ್ದು ಕೇಳಿಸಿದ್ರೆ ತಾನೆ? ನಾನು ಕೂತಿದ್ದು ಪ್ರೊಜೆಕ್ಟರ್ ಪಕ್ಕ. ಆ ಕಟಕಟ ಸದ್ದಿಗೆ ಏನೂ ಕೇಳ್ತಿರ್ಲಿಲ್ಲ. ಬರೀ ನೋಡಿದೆ. ನೀನು ಕೇಳಿಸ್ಕೊಂಡೆ.”

ವಸುಧಾ ಕೀ ತೆಗೆದು ಟೀಪಾಯಿಯ ಮೇಲಿಟ್ಟಳು. “ಸಾರಿ ಅಪ್ಪ” ಎಂದಳು. ಅವರು ಕೀಯನ್ನು ಮುಟ್ಟದೆ “ಪರವಾಗಿಲ್ಲ ಬಿಡು, ಡಾಕ್ಟರಿಗೂ ತೋರಿಸೋಣ, ನಿನಗೂ ಸಮಾಧಾನ” ಎಂದರು. ಆಮೇಲೆ ಒಳಗೆ ಹೋಗಿ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ಬಂದರು. ಆಗ ಕೀ ಎತ್ತಿಕೊಂಡರು. ಮೈಸೂರಿನವರು. ಕೀಗೂ ಒಂದು ಮರ್ಯಾದೆ ಬೇಡವೇ?

“ನಡೀರಿ, ದೋಸೆ ತಿನ್ನೋಣ. ನಾನು ಕರ್ಕೊಂಡು ಹೋಗ್ತೀನಿ.”

ವಸುಧಾ ಮತ್ತು ಸಿರಿ ಹಿಂದೆ ಕೂತರು. ನಾನು ಮುಂದೆ. ಅವರು ಕನ್ನಡಿ ಸರಿಮಾಡಿಕೊಂಡರು, ಸೀಟ್‌ಬೆಲ್ಟ್ ಎಳೆದು ನೋಡಿದರು, ನನ್ನ ಬೆಲ್ಟನ್ನೂ ಎಳೆದು ನೋಡಿದರು. (ಅವಮಾನ ಅನ್ನಿಸಿತು. ಅನ್ನಿಸಬೇಕಾದ್ದೇ.) ಬಡಾವಣೆಯ ಪ್ರತಿ ಸ್ಟಾಪ್ ಸೈನಿನಲ್ಲೂ ಪೂರ್ತಿ ನಿಲ್ಲಿಸಿದರು. ಹಿಂದೆ ವಸುಧಾ ಉಸಿರು ಬಿಟ್ಟದ್ದು ಕೇಳಿಸಿತು.

ದೊಡ್ಡ ರಸ್ತೆಯ ಸಿಗ್ನಲ್ ಬಂತು. ಕೆಂಪು ದೀಪ. ಆ ದೋಸೆ ಹೋಟೆಲಿಗೆ ನಾನು ಹತ್ತು ಸಲವಾದರೂ ಹೋಗಿದ್ದೇನೆ.

“ಯಾವ ಕಡೆಯಯ್ಯ?” ಅಂಕಲ್ ಕೇಳಿದರು.

“ಎಡಕ್ಕೆ ಅಂಕಲ್. ನನಗೆ ಚೆನ್ನಾಗಿ ನೆನಪಿದೆ.”

ಅವರು ಬಲಕ್ಕೆ ಇಂಡಿಕೇಟರ್ ಹಾಕಿದರು.